ಮರೆವು ದಿಢೀರ್ ಜಾಸ್ತಿಯಾಯ್ತೇ? ಮೊದಲು ಶುಗರ್ ನೋಡಿ, ಆಮೇಲೆ ಮಾತ್ರೆ ಡಬ್ಬಿ ತೆರೆಯಿರಿ

ಸಂಜೆ ನಾಲ್ಕಾಯಿತೆಂದರೆ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. "ತಿಪಟೂರು ಬಸ್ಸಿಗೆ ಹೊತ್ತಾಯ್ತು, ಬೀಗ ತೆಗಿಯೇ" ಅನ್ನುತ್ತಿದ್ದರು. ತಿಪಟೂರಿನ ಮನೆ ಮಾರಿ ಹದಿನೈದು ವರ್ಷವಾಗಿತ್ತು. ತಡೆದರೆ ಕೈ ಕೊಸರಿಕೊಂಡು ಬೈಯುತ್ತಿದ್ದರು. ಯಾರಿಗೂ ಒಂದು ಬಿರುಸು ಮಾತಾಡಿದವರಲ್ಲ ಅವರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ ಅಂತ ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು. ಕಾಯಿಲೆ ಬೆಳೆಯುತ್ತಿದೆ ಅಂದುಕೊಂಡು ನಾವೂ ಸುಮ್ಮನಿದ್ದೆವು.

ಒಂದು ದಿನ ಅದೇ ಹೊತ್ತಿಗೆ ಎದುರು ಮನೆಯ ನರ್ಸ್ ಅಕ್ಕ ಬಂದಿದ್ದರು. ಅತ್ತೆಯ ಕೈ ಹಿಡಿದವರು, "ಇದೇನು, ಅಂಗೈ ಇಷ್ಟು ಒದ್ದೆ?" ಅಂದರು. ಮನೆಗೆ ಓಡಿ ಗ್ಲೂಕೋಮೀಟರ್ ತಂದು ಬೆರಳು ಚುಚ್ಚಿದರು. 58 ಬಂತು, ಶುಗರ್ ಇಳಿದುಹೋಗಿತ್ತು. ಗ್ಲೂಕೋಸ್ ನೀರು ಕುಡಿಸಿ ಇಪ್ಪತ್ತು ನಿಮಿಷ ಕೂರಿಸಿದ ಮೇಲೆ ಅತ್ತೆ ನನ್ನ ಮುಖ ನೋಡಿ, "ಕಾಫಿ ಆಯ್ತೇನೇ?" ಅಂದರು. ಬಸ್ಸಿನ ಮಾತೇ ಇಲ್ಲ.

ಆಮೇಲೆ ಹುಡುಕಿದಾಗ ಗೊತ್ತಾಯಿತು. ಬೆಳಿಗ್ಗೆ ನಾನು ಕೊಟ್ಟ ಶುಗರ್ ಮಾತ್ರೆ ನುಂಗಿದ್ದನ್ನು ಮರೆತು, ಹನ್ನೊಂದು ಗಂಟೆಗೆ ತಮ್ಮ ಪರ್ಸಿನಲ್ಲಿದ್ದ ಹಳೇ ಸ್ಟ್ರಿಪ್ಪಿನಿಂದ ಇನ್ನೊಂದು ನುಂಗುತ್ತಿದ್ದರು. ಮಧ್ಯಾಹ್ನದ ಊಟ ನಾಲ್ಕು ತುತ್ತು. ಸಂಜೆಗೆ ಶುಗರ್ ಇಳಿಯದೆ ಇನ್ನೇನಾಗುತ್ತದೆ?

ನಾನು ಡಾಕ್ಟರಲ್ಲ. ಆದರೆ ಆವತ್ತಿನಿಂದ ಈ ವಿಷಯವನ್ನು ಡಾಕ್ಟರುಗಳ ಹತ್ತಿರ ಕೇಳಿ, ಓದಿ, ದಿನಾ ಮಾಡಿ ಕಲಿತಿದ್ದೇನೆ. ಮನೆಯಲ್ಲಿ ಸಕ್ಕರೆ ಕಾಯಿಲೆ ಮತ್ತು ಮರೆವಿನ ಕಾಯಿಲೆ ಎರಡೂ ಇರುವ ಹಿರಿಯರಿದ್ದರೆ ನಿಮಗೂ ಉಪಯೋಗಕ್ಕೆ ಬರಬಹುದು. ಒಂದು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾವ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ. ಓದಿ, ಬರೆದುಕೊಳ್ಳಿ, ಡಾಕ್ಟರ ಮುಂದೆ ಇಡಿ.

1. ಗೊಂದಲ ಕಂಡ ತಕ್ಷಣ ಬೆರಳು ಚುಚ್ಚಿ

ಮಿದುಳಿನ ತೂಕ ನಮ್ಮ ದೇಹದ ನೂರರಲ್ಲಿ ಎರಡು ಪಾಲು ಅಷ್ಟೇ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದರ ಮುಖ್ಯ ಆಹಾರ ಗ್ಲೂಕೋಸ್. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವಿಲ್ಲ. ರಕ್ತದಲ್ಲಿ ಬಂದಷ್ಟನ್ನೇ ಉಣ್ಣಬೇಕು. ರಕ್ತದಲ್ಲಿ ಸಕ್ಕರೆ ಕಡಿಮೆಯಾದರೆ ಮೊದಲು ತಡವರಿಸುವುದು ಮಾತು, ನೆನಪು, ಸಿಟ್ಟಿನ ಮೇಲಿನ ಹಿಡಿತ. ಈಗಾಗಲೇ ಸೊರಗಿರುವ ಮಿದುಳಿಗಂತೂ ತಡೆದುಕೊಳ್ಳುವ ಶಕ್ತಿಯೇ ಕಮ್ಮಿ.

ನಮಗೆ ನಿಮಗೆ ಶುಗರ್ ಇಳಿದರೆ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಸಿವಾಗುತ್ತದೆ. ಬಾಯಿಬಿಟ್ಟು ಹೇಳುತ್ತೇವೆ. ಡಿಮೆನ್ಷಿಯಾ ಇರುವವರು ಹೇಳುವುದಿಲ್ಲ. ಅವರು ಸಿಡುಕುತ್ತಾರೆ, ಒಂದೇ ಕಡೆ ದಿಟ್ಟಿಸುತ್ತಾರೆ, ಮನೆಯವರನ್ನು ಗುರುತು ಹಿಡಿಯುವುದಿಲ್ಲ, ನಡೆಯುವಾಗ ವಾಲುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತಾರೆ. ನೋಡುವವರಿಗೆ ಇದೆಲ್ಲ ಮರೆವಿನ ಕಾಯಿಲೆಯ ಹಾಗೇ ಕಾಣುತ್ತದೆ. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ನಮ್ಮ ಹಿರಿಯರಿಗೆ ಮಾಡಿರುವ ಅನ್ಯಾಯ ಅಷ್ಟಿಷ್ಟಲ್ಲ.

ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು ತೊಡಕಿದೆ. ಆ ಮಾತ್ರೆ ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಬಿಡುತ್ತದೆ. ಕಾಣಲು ಉಳಿಯುವುದು ಬೆವರು ಮಾತ್ರ. ಹಣೆ, ಕತ್ತಿನ ಹಿಂಭಾಗ, ಅಂಗೈ ಮುಟ್ಟಿ ನೋಡಿ. ಬೆಳಿಗ್ಗೆ ಎದ್ದಾಗ ದಿಂಬು ಒದ್ದೆಯಾಗಿದ್ದರೆ, ತಲೆನೋವು ಅಂದರೆ, ರಾತ್ರಿಯೆಲ್ಲ ಕನವರಿಸಿದ್ದರೆ, ಮಧ್ಯರಾತ್ರಿ ಶುಗರ್ ಇಳಿದಿತ್ತೇನೋ ಅಂತ ಅನುಮಾನಪಡಿ. ಒಂದೆರಡು ದಿನ ರಾತ್ರಿ ಎರಡು ಮೂರು ಗಂಟೆಗೆ ಎದ್ದು ನೋಡುವುದು ಕಷ್ಟ, ಆದರೂ ನೋಡಿ.

ಚುಚ್ಚುವ ಮುಂಚೆ ಅವರ ಕೈ ತೊಳೆದು ಒರೆಸಿ. ಹಣ್ಣು ಹಿಡಿದ ಬೆರಳಿನಲ್ಲಿ ನೋಡಿದರೆ ಮೀಟರ್ ಜಾಸ್ತಿ ತೋರಿಸುತ್ತದೆ. ಬೆರಳ ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಬಂದ ಅಂಕಿ, ಹೊತ್ತು, ಆಗ ಅವರು ಹೇಗಿದ್ದರು ಅನ್ನುವ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂರನೆಯದೇ ಮುಖ್ಯ. "ಸಂಜೆ 4.10, 62, ಬಸ್ಸು ಅಂದರು" ಅನ್ನುವ ನನ್ನ ಒಂದು ಸಾಲು, ಆರು ತಿಂಗಳ ಲ್ಯಾಬ್ ರಿಪೋರ್ಟಿಗಿಂತ ಹೆಚ್ಚು ಕೆಲಸ ಮಾಡಿತು.

ಶುಗರ್ ಸರಿಯಾಗಿಯೇ ಇದ್ದು, ಎರಡೇ ದಿನದಲ್ಲಿ ಮನುಷ್ಯ ಬದಲಾಗಿದ್ದರೂ ಅದನ್ನು ಡಿಮೆನ್ಷಿಯಾ ಲೆಕ್ಕಕ್ಕೆ ಹಾಕಬೇಡಿ. ಸಾಮಾನ್ಯವಾಗಿ ಡಿಮೆನ್ಷಿಯಾ ತಿಂಗಳುಗಳಲ್ಲಿ ಬೆಳೆಯುವುದು. ದಿಢೀರ್ ಬಂದ ಗೊಂದಲದ ಹಿಂದೆ ಮೂತ್ರದ ಸೋಂಕು, ಜ್ವರ, ನೀರು ಕಡಿಮೆಯಾಗಿರುವುದು, ಮಲಬದ್ಧತೆ, ಹೊಸ ಮಾತ್ರೆ, ಲಕ್ವ ಏನಾದರೂ ಇರಬಹುದು. ಶುಗರ್ 300 ದಾಟಿ ಕೂತಿದ್ದರೂ ತಲೆ ಮಂಕಾಗುತ್ತದೆ. ಇವಕ್ಕೆಲ್ಲ ಅವತ್ತೇ ಆಸ್ಪತ್ರೆಗೆ ಹೋಗಬೇಕು.

2. 70ಕ್ಕಿಂತ ಕೆಳಗೆ ಬಂದರೆ

70ಕ್ಕಿಂತ ಕಡಿಮೆ ಅಂದರೆ ಇಳಿದಿದೆ ಎಂದೇ ಅರ್ಥ. 54ಕ್ಕಿಂತ ಕಡಿಮೆ ಅಂದರೆ ಅಪಾಯ. ಎಚ್ಚರವಾಗಿದ್ದು ನುಂಗುವ ಹಾಗಿದ್ದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಏರಿದ ಮೇಲೆ ಬಿಸ್ಕತ್ತು, ಇಡ್ಲಿ, ಮೊಸರನ್ನ ಏನಾದರೂ ತಿನ್ನಿಸಿ.

ಸಕ್ಕರೆ ಯಾಕಾಗಬಾರದು ಅಂತ ಕೇಳಬಹುದು. ಬೇರೇನೂ ಇಲ್ಲದಿದ್ದರೆ ಸಕ್ಕರೆಯನ್ನೇ ಕೊಡಿ. ಆದರೆ ನಮ್ಮಲ್ಲಿ ತುಂಬಾ ಜನ ನುಂಗುವ ಮಿಶ್ರಣದ ಮಾತ್ರೆಗಳಲ್ಲಿ ವೋಗ್ಲಿಬೋಸ್ ಅನ್ನುವ ಔಷಧಿಯೂ ಸೇರಿರುತ್ತದೆ. ಅದರ ಕೆಲಸವೇ ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನು ತಡ ಮಾಡುವುದು. ಅಕಾರ್ಬೋಸ್ ಕೂಡ ಹಾಗೇ. ಅಂಥವರಿಗೆ ಸಕ್ಕರೆ ನೀರು, ಬೆಲ್ಲದ ತುಂಡು ಬೇಗ ಹತ್ತುವುದಿಲ್ಲ. ಗ್ಲೂಕೋಸ್ ಆದರೆ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಇದು ನನಗೆ ಎರಡು ವರ್ಷ ಯಾರೂ ಹೇಳಿರಲಿಲ್ಲ. ಒಂದು ಪೊಟ್ಟಣ ಗ್ಲೂಕೋಸ್ ಅಡುಗೆಮನೆಯಲ್ಲಿ, ಒಂದು ಅವರ ಹಾಸಿಗೆ ಪಕ್ಕ ಇರಲಿ.

ಅರೆಪ್ರಜ್ಞೆಯಲ್ಲಿದ್ದರೆ ಬಾಯಿಗೆ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನೂ ಒಂದು ಮಾತು. ಮುಂದೆ ಹೇಳಲಿರುವ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಇಳಿದಿದ್ದರೆ, ಒಮ್ಮೆ ಏರಿತು ಅಂತ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ಮಾತ್ರೆ ದೇಹದಲ್ಲಿ ಇರುವವರೆಗೆ ಮತ್ತೆ ಮತ್ತೆ ಇಳಿಯಬಹುದು, ಕಿಡ್ನಿ ಸೋತವರಲ್ಲಿ ಒಂದು ದಿನ ದಾಟಿಯೂ. ವಯಸ್ಸಾದವರಾದರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳುತ್ತೇವೆ ಅಂದಾಗ ಬೇಡ ಅನ್ನಬೇಡಿ.

3. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಮೊರಕ್ಕೆ ಸುರಿಯಿರಿ

ನಾನು ನಿಜವಾಗಿಯೂ ಮೊರವನ್ನೇ ತೆಗೆದುಕೊಂಡೆ. ಕಪಾಟು, ಫ್ರಿಜ್ಜಿನ ಮೇಲೆ, ದೇವರ ಮನೆಯ ಗೂಡು, ಪರ್ಸು, ದಿಂಬಿನ ಕೆಳಗೆ ಎಲ್ಲಾ ಕಡೆ ಹುಡುಕಿದಾಗ ಹದಿನೇಳು ಸ್ಟ್ರಿಪ್ ಸಿಕ್ಕವು. ಒಂದು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಮಾತ್ರೆ ಬರೆದಿದ್ದರು. ಹಳೆಯದನ್ನು ನಿಲ್ಲಿಸಿ ಅಂತ ಎಲ್ಲೂ ಬರೆದಿರಲಿಲ್ಲ.

ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರು ಕಂಪನಿಯದು, ಅದನ್ನು ಬಿಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರಿರುತ್ತದೆ. ಕನ್ನಡಕ ಹಾಕಿಕೊಂಡಾದರೂ ಅದನ್ನೇ ಓದಿ. ಅಮರಿಲ್ ಎಂ, ಗ್ಲೈಕೋಮೆಟ್ ಜಿಪಿ ಅಂತ ಬೇರೆ ಬೇರೆ ಹೆಸರು ನೋಡಿ ಬೇರೆ ಬೇರೆ ಔಷಧಿ ಅಂದುಕೊಳ್ಳುತ್ತೇವೆ. ಎರಡರಲ್ಲೂ ಇರುವುದು ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಇಬ್ಬರು ಡಾಕ್ಟರ ಚೀಟಿ ಒಟ್ಟಿಗೆ ನಡೆಯುತ್ತಿದ್ದರೆ ಒಂದೇ ಔಷಧಿ ಎರಡೆರಡು ಸಲ ಹೊಟ್ಟೆಗೆ ಹೋಗುವುದು ಹೀಗೆ.

ಈಗ ಒಂದೊಂದಾಗಿ ನೋಡೋಣ. ಮರೆವಿನ ದೃಷ್ಟಿಯಿಂದ ನಾನು ಹೆಚ್ಚು ಹೆದರುವುದು ಗ್ಲಿಮೆಪಿರೈಡ್, ಗ್ಲಿಬೆಂಕ್ಲಮೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಇರುವ ಗುಂಪಿಗೆ. ನೀವು ಉಂಡಿದ್ದೀರೋ ಇಲ್ಲವೋ ಅಂತ ಇವು ಕೇಳುವುದಿಲ್ಲ. ಮೇದೋಜೀರಕ ಗ್ರಂಥಿಯನ್ನು ಹಿಂಡಿ, ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತವೆ. ಇವುಗಳಲ್ಲಿ ಗ್ಲಿಬೆಂಕ್ಲಮೈಡ್ ಹಳೆಯದು, ಅಗ್ಗ, ತುಂಬಾ ಹೊತ್ತು ದೇಹದಲ್ಲಿ ನಿಲ್ಲುವಂಥದ್ದು. ಡಯೋನಿಲ್ ಅಂದರೆ ಹಳಬರಿಗೆಲ್ಲ ಗೊತ್ತು. ವಯಸ್ಸಾದವರಿಗೆ ಇದು ಬೇಡ ಅಂತ ಅಮೆರಿಕದ ವೃದ್ಧರ ಚಿಕಿತ್ಸೆಯ ತಜ್ಞರ ಸಂಘ ಬಹಳ ಕಾಲದಿಂದ ಹೇಳುತ್ತಿದೆ. 2023ರಲ್ಲಿ ಹೊಸದಾಗಿ ಮಾಡಿದ ಪಟ್ಟಿಯಲ್ಲಿ, ಬೇರೆ ದಾರಿ ಇದ್ದರೆ ಈ ಇಡೀ ಗುಂಪನ್ನೇ ಮೊದಲ ಆಯ್ಕೆ ಮಾಡಬೇಡಿ ಅಂದಿದೆ. ಇಷ್ಟೇ ಹುಷಾರಾಗಿರಬೇಕಾದ್ದು ಇನ್ಸುಲಿನ್ ವಿಷಯದಲ್ಲಿ.

ಶುಗರ್ ತೀರಾ ಇಳಿಯುವುದಕ್ಕೂ ಮರೆವಿಗೂ ಇರುವ ನಂಟು ಬರೀ ಆ ಹೊತ್ತಿನದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟೈಪ್ 2 ಮಧುಮೇಹ ಇದ್ದ 16,667 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2009ರಲ್ಲಿ ಬಂತು. ಶುಗರ್ ಇಳಿದು ಒಂದು ಸಲ ಆಸ್ಪತ್ರೆ ಸೇರಿದವರಲ್ಲಿ ಮುಂದೆ ಡಿಮೆನ್ಷಿಯಾ ಬರುವ ಅಪಾಯ ನೂರಕ್ಕೆ 26ರಷ್ಟು ಹೆಚ್ಚಿತ್ತು. ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಸೇರಿದವರಲ್ಲಿ ಸುಮಾರು ಎರಡರಷ್ಟು. ಇಳಿದದ್ದರಿಂದಲೇ ಡಿಮೆನ್ಷಿಯಾ ಬಂತು ಅಂತ ಇಷ್ಟರಿಂದಲೇ ಹೇಳಲಾಗದು. ಮಿದುಳು ಸೋಲುತ್ತಿರುವವರು ಮಾತ್ರೆ, ಊಟ ತಪ್ಪಿಸಿಕೊಂಡು ಶುಗರ್ ಇಳಿಸಿಕೊಳ್ಳುವುದೂ ಇದೆ. ಎರಡೂ ಒಂದನ್ನೊಂದು ಎಳೆಯುತ್ತವೆ.

ಉಳಿದವು ಅಷ್ಟು ಕಾಟ ಕೊಡುವುದಿಲ್ಲ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನಿಲಿಗ್ಲಿಪ್ಟಿನ್ ತಾವಾಗಿಯೇ ಶುಗರನ್ನು ತೀರಾ ಇಳಿಸುವುದು ಅಪರೂಪ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೃದಯಕ್ಕೆ, ಕಿಡ್ನಿಗೆ ಒಳ್ಳೆಯವು. ಆದರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಬಾಯಾರಿಕೆ ಹೇಳಲು ಬಾರದ ಹಿರಿಯರು ಬೇಗ ಒಣಗುತ್ತಾರೆ. ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು, ಡೈಪರ್ ಹಾಕುವವರಲ್ಲಿ ಇನ್ನೂ ಗಮನ ಬೇಕು. ವಾಂತಿ ಭೇದಿ ಆದ ದಿನ, ಏನೂ ತಿನ್ನದ ದಿನ ಇದನ್ನು ಕೊಡಬೇಕೋ ಬೇಡವೋ ಅಂತ ಮೊದಲೇ ಕೇಳಿ ಬರೆಸಿಟ್ಟುಕೊಳ್ಳಿ.

4. ಮೆಟ್‌ಫಾರ್ಮಿನ್ ಇದ್ದರೆ ಬಿ12 ಪರೀಕ್ಷೆ ಮಾಡಿಸಿ

ಮೆಟ್‌ಫಾರ್ಮಿನ್ ಒಳ್ಳೆಯ ಔಷಧಿ. ಅದೊಂದನ್ನೇ ತೆಗೆದುಕೊಂಡರೆ ಶುಗರ್ ತೀರಾ ಇಳಿಯುವುದಿಲ್ಲ. ಆದರೆ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಿ12 ಕಮ್ಮಿಯಾದರೆ ಮರೆವು, ಮಂಕು, ಕಾಲು ಜೋಮು, ನಡಿಗೆಯಲ್ಲಿ ತೂರಾಟ. ಕಾಲು ಜೋಮು ಹಿಡಿದರೆ "ಶುಗರ್ ಅಲ್ವಾ" ಅಂದುಬಿಡುತ್ತೇವೆ, ಮರೆತರೆ "ವಯಸ್ಸಲ್ವಾ" ಅಂದುಬಿಡುತ್ತೇವೆ. ಎರಡರ ಹಿಂದೆಯೂ ಬಿ12 ಕೊರತೆ ಇರಬಹುದು.

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ. ಹಾಲು ಮೊಸರಿನಲ್ಲಿ ಸಿಗುವಷ್ಟೇ. ಅದರ ಮೇಲೆ ಮೆಟ್‌ಫಾರ್ಮಿನ್, ಅದರ ಮೇಲೆ ದಿನಾ ಬೆಳಿಗ್ಗೆ ಗ್ಯಾಸ್‌ಗೆ ಅಂತ ಪ್ಯಾಂಟೊಪ್ರಜೋಲ್. ಅದೂ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ರಕ್ತ ಪರೀಕ್ಷೆಯಲ್ಲಿ 200ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. ಅತ್ತೆಗೆ 140 ಇತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಡಿಮೆನ್ಷಿಯಾ ಹೋಗಲಿಲ್ಲ, ಹೋಗುತ್ತದೆ ಅಂತ ಯಾರೂ ಹೇಳಿರಲೂ ಇಲ್ಲ. ಆದರೆ ಹಗಲೆಲ್ಲ ಕೂತಲ್ಲೇ ಜೋಲುವುದು ನಿಂತಿತು, ಗೋಡೆ ಹಿಡಿಯದೆ ಬಚ್ಚಲಿಗೆ ಹೋಗತೊಡಗಿದರು. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಮಾತ್ರೆ ಕೊಡಬೇಡಿ. ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ, ನರಗಳಿಗೆ ಆಗುವ ಹಾನಿ ಒಳಗೇ ಮುಂದುವರಿಯುತ್ತದೆ.

5. ಶುಗರ್ ಮಾತ್ರೆಯ ನೆಂಟರನ್ನೂ ವಿಚಾರಿಸಿ

ಮೊರದಲ್ಲಿ ಉಳಿದಿರುವುದನ್ನು ನೋಡಿ. ಕಾಲುರಿಗೆ ಅಂತ ಬರೆದ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಇದೆಯೇ? ಮಂಪರು, ಗೊಂದಲ, ಬೀಳುವುದು ಇವುಗಳಿಂದ ಬರಬಹುದು, ಕಿಡ್ನಿ ದುರ್ಬಲವಾಗಿದ್ದರೆ ಇನ್ನೂ ಜಾಸ್ತಿ. ಅಮಿಟ್ರಿಪ್ಟಿಲಿನ್ ಇದ್ದರೆ, ಪದೇ ಪದೇ ಮೂತ್ರ ಬರುತ್ತದೆ ಅಂತ ಆಕ್ಸಿಬ್ಯುಟಿನಿನ್ ಥರದ್ದು ಕೊಟ್ಟಿದ್ದರೆ, ಮೆಡಿಕಲ್ ಶಾಪಿನಿಂದ ತಂದ ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ, ಇವೆಲ್ಲ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನೇ ತಡೆಯುತ್ತವೆ. ಡಿಮೆನ್ಷಿಯಾಗೆ ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕವನ್ನು ಹೆಚ್ಚಿಸಲು ಹೆಣಗುತ್ತಿರುತ್ತದೆ. ಒಂದು ಕೈಯಲ್ಲಿ ನೀರು ತುಂಬಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ.

ಡೊನೆಪೆಜಿಲ್ ಶುರುಮಾಡಿದ ಮೇಲೆ ಕೆಲವರಿಗೆ ಹಸಿವು ಕಟ್ಟುತ್ತದೆ, ತೂಕ ಇಳಿಯುತ್ತದೆ. ಊಟ ಅರ್ಧವಾಗಿ, ಶುಗರ್ ಮಾತ್ರೆ ಮೊದಲಿನಷ್ಟೇ ಉಳಿದರೆ ಏನಾಗುತ್ತದೆ ಹೇಳಿ? ತಿಂಗಳಿಗೊಮ್ಮೆ ತೂಕ ನೋಡಿ. ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಕೂಡ ಶುಗರ್ ಮಾತ್ರೆಯ ಜೊತೆ ಸೇರಿ ಶುಗರನ್ನು ತೀರಾ ಇಳಿಸಬಹುದು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಂಥ ಕೋರ್ಸ್ ನಡೆಯುವಷ್ಟು ದಿನ ಹೆಚ್ಚು ಸಲ ಬೆರಳು ಚುಚ್ಚಿ.

6. ಡಾಕ್ಟರನ್ನು "ಎಷ್ಟಿದ್ದರೆ ಸಾಕು?" ಅಂತ ಕೇಳಿ

ನಮ್ಮ ನೆಂಟರಲ್ಲಿ ಒಬ್ಬ ದೊಡ್ಡಪ್ಪ ಇದ್ದರು. ಎಂಬತ್ತೊಂದು ವರ್ಷ, ಎಚ್‌ಬಿಎ1ಸಿ 6.1. ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಅದು. ಮಕ್ಕಳು ಅದನ್ನು ಎಸ್ಸೆಸ್ಸೆಲ್ಸಿ ರ‍್ಯಾಂಕಿನ ಹಾಗೆ ಹೇಳಿಕೊಳ್ಳುತ್ತಿದ್ದರು. ಡಲ್ಲಾಸಿನಲ್ಲಿರುವ ಮಗ ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಮೊದಲು ಕೇಳುತ್ತಿದ್ದದ್ದೇ ಆ ಅಂಕಿ. ಗ್ಲಿಮೆಪಿರೈಡ್, ಇನ್ಸುಲಿನ್ ಎರಡೂ ನಡೆಯುತ್ತಿದ್ದ ಆ ವಯಸ್ಸಿನವರಲ್ಲಿ 6.1 ಅಂದರೆ ಹೆದರಬೇಕಾದ ಅಂಕಿ. ಯಾವಾಗಲೋ ತುಂಬಾ ಇಳಿಯುತ್ತಿರಬೇಕು ಅಂತ ಅರ್ಥ.

ಅಮೆರಿಕದ ಮಧುಮೇಹ ಸಂಘದ ಸಲಹೆ ಹೀಗಿದೆ. ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಎಚ್‌ಬಿಎ1ಸಿ 7ರಿಂದ 7.5ರ ಒಳಗೆ. ಸ್ವಲ್ಪ ಮಟ್ಟಿಗೆ ಮರೆವಿನ ಕಾಯಿಲೆ ಇರುವವರಿಗೆ 8ರ ಒಳಗಿದ್ದರೆ ಸಾಕು. ಕಾಯಿಲೆ ಹೆಚ್ಚಾದವರಿಗೆ ಆ ಅಂಕಿಯ ಹಿಂದೆ ಓಡುವುದೇ ಬೇಡ. ಶುಗರ್ ಇಳಿಯಬಾರದು, ಬಾಯಾರಿಕೆ ಮೂತ್ರದಿಂದ ಒದ್ದಾಡುವಷ್ಟು ಏರಬಾರದು. ಅಂಥವರಿಗೆ ಊಟದ ಮುಂಚೆ 100ರಿಂದ 180, ಮಲಗುವಾಗ 110ರಿಂದ 200 ಇದ್ದರೆ ಆಯಿತು.

ಬಿಗಿಯಾಗಿ ಇಳಿಸಿದರೆ ಮಿದುಳು ಉಳಿಯುತ್ತದೆಯೇ ಅಂತ ನೋಡಿದ್ದಾರೆ ಕೂಡ. ಅಕಾರ್ಡ್ ಅನ್ನುವ ದೊಡ್ಡ ಪ್ರಯೋಗದಲ್ಲಿ ಒಂದು ಗುಂಪಿಗೆ ಎಚ್‌ಬಿಎ1ಸಿ 6ರ ಕೆಳಗೆ ತರಲು ಯತ್ನಿಸಿದರು. ಆ ಗುಂಪಿನಲ್ಲಿ ಸಾವು ಹೆಚ್ಚಾಗಿ 2008ರಲ್ಲಿ ಬಿಗಿ ಚಿಕಿತ್ಸೆ ನಿಲ್ಲಿಸಬೇಕಾಯಿತು. ನೆನಪು, ಯೋಚನಾಶಕ್ತಿಯ ಪರೀಕ್ಷೆಗಳಲ್ಲೂ ಅವರೇನೂ ಮುಂದಿರಲಿಲ್ಲ.

ಹಾಗಾಗಿ ಡಾಕ್ಟರ ಮುಂದೆ ನೋಟ್‌ಬುಕ್ಕನ್ನೂ ಮಾತ್ರೆಯ ಚೀಲವನ್ನೂ ಇಟ್ಟು ನೇರವಾಗಿ ಕೇಳಿ. "ಡಾಕ್ಟ್ರೇ, ಇವರಿಗೆ ಎಷ್ಟಿದ್ದರೆ ಸಾಕು? ಇದರಲ್ಲಿ ಯಾವುದನ್ನು ಕಮ್ಮಿ ಮಾಡಬಹುದು? ಊಟ ಮಾಡದ ದಿನ ಯಾವುದನ್ನು ಬಿಡಬೇಕು? ಕಿಡ್ನಿ ಪರೀಕ್ಷೆ ನೋಡಿ ಡೋಸ್ ಸರಿ ಇದೆಯಾ ಹೇಳ್ತೀರಾ?" ಮಾತ್ರೆ ಕಮ್ಮಿ ಮಾಡುವುದೂ ಚಿಕಿತ್ಸೆಯೇ. ಅತ್ತೆಗೆ ಗ್ಲಿಮೆಪಿರೈಡ್ ತೆಗೆದು, ಸಿಟಾಗ್ಲಿಪ್ಟಿನ್ ಗುಂಪಿನದೇ ಆದ ಲಿನಾಗ್ಲಿಪ್ಟಿನ್ ಕೊಟ್ಟರು. ಈಗ ಎಚ್‌ಬಿಎ1ಸಿ 7.8. ಮೊದಲು 6.5 ಇತ್ತು, ಗೇಟಿನ ಹತ್ತಿರ ದಿನಾ ಯುದ್ಧವೂ ಇತ್ತು. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಧುಮೇಹದವರ ವಿಷಯ ಬೇರೆ, ಅವರಿಗೆ ಇನ್ಸುಲಿನ್ ಒಂದು ದಿನವೂ ಪೂರ್ತಿ ತಪ್ಪಬಾರದು.

7. ಕೊಡುವ ಕೈ ಒಂದೇ ಇರಲಿ

ಮಾತ್ರೆಯೆಲ್ಲ ಬೀಗದ ಕಪಾಟಿನಲ್ಲಿರಲಿ. ಮನೆಯಲ್ಲಿ ನಾಲ್ಕು ಜನ ಇದ್ದರೂ ಕೊಡುವವರು ಒಬ್ಬರೇ. ಅವರು ಊರಿಗೆ ಹೋದರೆ ಮಾತ್ರ ಇನ್ನೊಬ್ಬರು. ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಗೀಟು. "ನಾನು ಕೊಟ್ಟೆ", "ಅಯ್ಯೋ, ನಾನೂ ಕೊಟ್ಟೆನಲ್ಲ" ಅನ್ನುವುದು ಇದರಿಂದ ತಪ್ಪುತ್ತದೆ. ಪೂರ್ತಿ ನುಂಗಿದರೇ ಅಂತ ನೋಡಿ. ಕೆನ್ನೆಯೊಳಗೆ ಇಟ್ಟುಕೊಂಡು ಆಮೇಲೆ ಹೂಕುಂಡಕ್ಕೆ ಉಗಿಯುವವರಿದ್ದಾರೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಅಂತ ಇರುವ ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಬೆರೆಸಬೇಡಿ. ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದದ್ದು ಒಮ್ಮೆಗೇ ಬಿಡುಗಡೆಯಾಗುತ್ತದೆ.

ಇನ್ಸುಲಿನ್ ಕೊಡುವವರು ಬಾಟಲಿಯ ಮೇಲಿನ ಅಂಕಿ ನೋಡಲೇಬೇಕು. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದೂ ಇದೆ, 100 ಯೂನಿಟ್ಟಿನದೂ ಇದೆ. 40ಕ್ಕೆ ಬೇರೆ ಸಿರಿಂಜ್, 100ಕ್ಕೆ ಬೇರೆ ಸಿರಿಂಜ್. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಹೊಸ ಹೋಮ್ ನರ್ಸ್ ಬಂದ ದಿನ ಇದನ್ನು ನೀವೇ ನಿಂತು ತೋರಿಸಿ. ಎಷ್ಟು ಉಣ್ಣುತ್ತಾರೋ ಗೊತ್ತಿಲ್ಲದವರಿಗೆ ಊಟದ ಇನ್ಸುಲಿನ್ನನ್ನು ಉಂಡ ಮೇಲೆ ಕೊಡಬಹುದೇ ಅಂತ ಡಾಕ್ಟರನ್ನು ಕೇಳಿ. ಕೆಲವು ಬಗೆಯವಕ್ಕೆ ಒಪ್ಪುತ್ತಾರೆ.

ಏಕಾದಶಿ, ಸಂಕಷ್ಟಿ ಇನ್ನೊಂದು ತಲೆನೋವು. ಅತ್ತೆಗೆ ಮೊಮ್ಮಗನ ಹೆಸರು ಮರೆತರೂ ಏಕಾದಶಿ ಮರೆಯುವುದಿಲ್ಲ. ಜಗಳ ಆಡಿ ಪ್ರಯೋಜನವಿಲ್ಲ. ಹಾಲು, ಬಾಳೆಹಣ್ಣು, ಅವಲಕ್ಕಿ ಅಂತ ಫಲಾಹಾರವನ್ನು ಹೊತ್ತು ಹೊತ್ತಿಗೆ ಕೊಟ್ಟುಬಿಡುತ್ತೇನೆ. ಗ್ಲಿಮೆಪಿರೈಡ್ ಇದ್ದಾಗ ಆ ದಿನದ ಡೋಸ್ ಏನು ಅಂತ ಕೇಳಿಕೊಂಡೇ ಕೊಡುತ್ತಿದ್ದೆ.

8. ವಾಟ್ಸ್ಆ್ಯಪ್ ಔಷಧಿಗೆ ಕಾಸು ಕೊಡುವ ಮುಂಚೆ

ತೂಕ ಇಳಿಸುವ ಹೊಸ ಶುಗರ್ ಔಷಧಿ ಸೆಮಗ್ಲುಟೈಡ್, ಡಿಮೆನ್ಷಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆಯಾದ ಅಲ್ಜೈಮರನ್ನೂ ತಡೆಯುತ್ತದೆ ಅಂತ ಮೆಸೇಜುಗಳು ಓಡಾಡಿದವು. ಆಸೆ ಇದ್ದದ್ದು ನಿಜ. ಅಲ್ಜೈಮರ್ ಆರಂಭದಲ್ಲಿದ್ದವರ ಮೇಲೆ ಎರಡು ದೊಡ್ಡ ಪ್ರಯೋಗ ನಡೆಸಿದರು. 2025ರ ನವೆಂಬರಿನಲ್ಲಿ ಫಲಿತಾಂಶ ಬಂತು, ಕಾಯಿಲೆಯ ಓಟ ನಿಧಾನವಾಗಲಿಲ್ಲ. ಶುಗರಿಗೋ ಹೃದಯಕ್ಕೋ ಅಂತ ಡಾಕ್ಟರ್ ಬರೆದರೆ ಅದು ಬೇರೆ ಮಾತು. ಈಗಾಗಲೇ ಉಣ್ಣಲು ಒಲ್ಲೆ ಅನ್ನುವ, ಸೊರಗಿರುವ ಹಿರಿಯರಿಗೆ ಹಸಿವು ಕಟ್ಟುವ ಔಷಧಿ ಬೇಕೇ ಅಂತ ಒಮ್ಮೆ ಕೇಳಿ ನೋಡಿ.

ಮಾತಾಡಲು ಯಾರಾದರೂ ಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಿರಿಯರ ಸಹಾಯವಾಣಿ 14567 ಇದೆ. ಇವನ್ನೂ 108ನ್ನೂ ಡಾಕ್ಟರ ನಂಬರನ್ನೂ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಅದರ ಕೆಳಗೆ ಅತ್ತೆಯ ಮಾತ್ರೆಗಳ ಹೆಸರು, ಡೋಸ್, ಗ್ಲೂಕೋಸ್ ಎಲ್ಲಿದೆ ಅನ್ನುವುದು. ನಾನಿಲ್ಲದಾಗ ಕೆಲಸದ ಹುಡುಗಿಯೂ ಓದಿಕೊಳ್ಳುವ ಹಾಗೆ.

ಅತ್ತೆ ಈಗಲೂ ವಾರಕ್ಕೊಂದು ಸಲ ಗೇಟಿನ ಹತ್ತಿರ ಹೋಗುತ್ತಾರೆ. ಮೊದಲು ಬೆರಳು ಚುಚ್ಚುತ್ತೇನೆ. 140, 150 ಬಂದರೆ ಬೀಗ ತೆಗೆದು, ನಾನೂ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಬಸ್ ಸ್ಟಾಪಿನವರೆಗೆ ನಡೆಯುತ್ತೇನೆ. ಐದು ನಿಮಿಷ ಬೆಂಚಿನ ಮೇಲೆ ಕೂರುತ್ತೇವೆ. "ಇವತ್ತು ಬಸ್ಸಿಲ್ಲವಂತೆ ಕಣೇ, ನಡಿ ಮನೆಗೆ" ಅಂತ ಅವರೇ ಏಳುತ್ತಾರೆ.